ತೊಡೆ ತಟ್ಟಿದ ಸದ್ದು

ಮೊದಲೇ ಹೇಳಿಬಿಡುತ್ತೇನೆ. ಆವತ್ತು ಸಂಜೆ ನಾನು ಹೇಳುತ್ತಿದ್ದದ್ದು ಎಮ್ಮೆಯ ಕಥೆ. ಅಂಬಾಬಾಯಿಯ ಗುಡಿಯಲ್ಲಿ ನಿಲ್ಲಿಸಿ ಕೇಳಿದರೂ ಇದನ್ನೇ ಹೇಳುತ್ತೇನೆ. ಎಮ್ಮೆ ನನ್ನ ಸೋದರಮಾವನದು, ಅದು ಬಿದ್ದದ್ದು ಅವನ ಕೊಟ್ಟಿಗೆಯ ಮುಂದೆ, ಅದಕ್ಕೂ ಕುಸ್ತಿಗೂ ಯಾವ ಸಂಬಂಧವೂ ಇಲ್ಲ. ಆದರೆ ಕುಸ್ತಿಗೆ ಸಂಬಂಧವಿಲ್ಲದ್ದು ಈ ಲೋಕದಲ್ಲಿ ಏನಾದರೂ ಇದೆ ಎಂದರೆ ನಂಬುವ ಗಂಡಸು ನಮ್ಮ ಕೊಲ್ಹಾಪುರದಲ್ಲಿ ಇನ್ನೂ ಹುಟ್ಟಿಲ್ಲ.

ನನ್ನ ಹೆಸರು ಸರ್ಜೇರಾವ್. ಗೆಳೆಯರಿಗೆ ಸರ್ಜ್ಯಾ. ಹಿಂದೂರಾವ್ ಮತ್ತು ನಾನು ಒಂದೇ ತಾಲೀಮಿನ, ಅಂದರೆ ಗರಡಿಮನೆಯ, ಕೆಂಪು ಮಣ್ಣಿನಲ್ಲಿ ಹೊರಳಿ ಬೆಳೆದವರು. ನನ್ನ ಮೊಣಕಾಲು ಬೇಗ ಕೈಕೊಟ್ಟಿತು, ನಾನು ಹಿಂಡಿ-ಬೂಸಾದ ಅಂಗಡಿ ಹಾಕಿಕೊಂಡು ಕೂತೆ. ಅವನು ಕುಸ್ತಿ ಬಿಡಲಿಲ್ಲ. ಅವನ ಬೆನ್ನಿಗೆ ಮಣ್ಣು ಹತ್ತಿಸಿದವನು ನಮ್ಮ ಜಿಲ್ಲೆಯಲ್ಲಿ ಯಾರೂ ಇರಲಿಲ್ಲ. ಅಂಥವನು ಕಳೆದ ಹಂಗಾಮಿನಲ್ಲಿ ಕಬ್ಬು ಹೇರಿದ ಟ್ರಾಲಿಯ ಮೇಲೆ ಕೂತು ಹಾಡುತ್ತ ಬರುತ್ತಿದ್ದಾಗ, ಟ್ರ್ಯಾಕ್ಟರಿನವನು ನಾಯಿ ಅಡ್ಡ ಬಂತೆಂದು ಬ್ರೇಕ್ ಒತ್ತಿದ್ದಕ್ಕೆ ತಲೆಕೆಳಗಾಗಿ ರಸ್ತೆಗೆ ಬಿದ್ದ. ಕುತ್ತಿಗೆಯ ಎಲುಬು ಸೀಳಿತು. ಮಿರಜದ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನನಗೂ ಅವನ ಹೆಂಡತಿ ಸುಮನಳಿಗೂ ತೋರಿಸಿದರು.

"ಇನ್ನೊಮ್ಮೆ ಈ ಕುತ್ತಿಗಿಗೆ ಝಟಕಾ ಬಿತ್ತಂದ್ರ ಮುಗೀತು ನೋಡ್ರಿ," ಎಂದರು. "ಕುತ್ತಿಗಿ ಕೆಳಗಿಂದು ಯಾವುದೂ ಇವರ ಮಾತು ಕೇಳೂದಿಲ್ಲ. ಉಸಿರು ನಿಂತರೂ ನಿಂತೀತು."

ಹಿಂದೂರಾವನಿಗೆ ನೋವಿಗಿಂತ ನಾಚಿಕೆ ದೊಡ್ಡದಾಯಿತು. ಯಾವ ಪೈಲ್ವಾನನೂ ಬೀಳಿಸಲಾಗದ ತನ್ನನ್ನು ಕಬ್ಬಿನ ಟ್ರಾಲಿ ಬೀಳಿಸಿತು ಎಂದು ಊರಿಗೆ ಗೊತ್ತಾದರೆ ತಲೆ ಎತ್ತುವುದು ಹೇಗೆ? ನನ್ನಿಂದಲೂ ಸುಮನಳಿಂದಲೂ ಆಣೆ ಮಾಡಿಸಿಕೊಂಡ. ಪುಣೆಗೆ ಹೋಗಿದ್ದಾನೆ, ಅಲ್ಲಿ ಮ್ಯಾಟಿನ ಮೇಲೆ ತಯಾರಿ ನಡೆಸಿದ್ದಾನೆ ಎಂದು ನಾವು ಹೇಳಿದೆವು, ಊರು ನಂಬಿತು. ಪುಣೆಯಿಂದ ಬಂದವನ ಮುಂದೆ ಇನ್ನು ಯಾರು ನಿಲ್ಲುತ್ತಾರೆ ಎಂದು ಹಾಲಿನ ಕಟ್ಟೆಯಲ್ಲಿ ಚರ್ಚೆ ನಡೆಯುತ್ತಿತ್ತು. ಆತನೋ ಕರಾಡದ ಕಡೆ ಹೆಂಡತಿಯ ತವರಿನಲ್ಲಿ ಕೊರಳಿಗೆ ಪಟ್ಟಿ ಕಟ್ಟಿಕೊಂಡು ಸೂರು ನೋಡುತ್ತ ಮಲಗಿದ್ದ.

ಊಟದ ಹೊತ್ತಿಗೆ ಪಟ್ಟಿ ತೆಗೆಯಬಹುದು ಎಂದು ಡಾಕ್ಟರು ಹೇಳಿದ್ದು ಮನೆಯ ಊಟಕ್ಕೆ. ಈ ಮಹಾರಾಯ ಅದನ್ನು ಅನಸೂಯಕ್ಕನ ಖಾನಾವಳಿಯ ತನಕ ಎಳೆದು ತಂದ. ಊರಿಗೆ ಬಂದ ದಿನವೇ ಸಂಜೆ ನನ್ನ ಅಂಗಡಿಯ ಮುಂದೆ ಬರಿಗೊರಳಲ್ಲಿ ನಿಂತಿದ್ದ.

"ಪಟ್ಟಿ ಎಲ್ಲಿ ಒಗದಿ ಲೇ?" ಎಂದೆ.

"ಪಟ್ಟಿ ಹಾಕ್ಕೊಂಡು ಮಟನ್ ರಸ್ಸಾ ಕುಡದ್ರ ಅರ್ಧ ಪಟ್ಟಿನ ಕುಡೀತೈತಿ. ಆರು ತಿಂಗಳಾತು ದೋಸ್ತ, ಅತ್ತಿ ಮಾಡಿದ ಬ್ಯಾಳಿ ಸಾರ ಉಂಡು ನನ್ನ ನಾಲಿಗಿ ಸತ್ತೈತಿ."

"ಮಟನ್ ಇಲ್ಲಿಗೇ ತರಸ್ತೀನಿ. ಒಳಗ ಕುಂತ ತಿನ್ನೂಣು."

"ಅಕ್ಕನ ಬೈಗಳಾ ಯಾರು ತರಸ್ತಾರ? ಅದನ್ನ ಕೇಳದ ನನಗ ಊಟಾ ಇಳಿಯೂದಿಲ್ಲ. ನಡೀ, ನಳ್ಳಿ ಎಲುಬ ಮುಗದ ಹೋಗ್ತಾವ."

ಹೋದೆವು. ದಾರಿಯುದ್ದಕ್ಕೂ ನಾನು ಅವನ ಬಲಗಡೆಗೇ ನಡೆದೆ, ಸೈಕಲ್ಲು ಬಂದರೂ ಕೈ ಅಡ್ಡ ಹಿಡಿದೆ. ನೀನೇನು ನನ್ನ ಹೊಸ ಹೆಂಡ್ತಿಯೇನಲೇ ಎಂದು ಅವನು ಕಾಡಿಸಿದ. ನನಗೆ ನಗು ಬರಲಿಲ್ಲ. ನಿಜ ಹೇಳುತ್ತೇನೆ, ಅವನ ಆ ಬರಿಗೊರಳಿನ ಮೇಲಿಂದ ನಾನು ಕಣ್ಣು ತೆಗೆಯಲಿಲ್ಲ.

ಗಂಗಾವೇಶದ ಹಿಂದಿನ ಓಣಿಯಲ್ಲಿ ಅನಸೂಯಕ್ಕ ತನ್ನ ಮನೆಯ ಪಡಸಾಲೆಯಲ್ಲೇ ಖಾನಾವಳಿ ನಡೆಸುತ್ತಾಳೆ. ಉದ್ದನೆಯ ಹಲಗೆ ಮೇಜುಗಳು, ಶಹಾಬಾದಿ ಕಲ್ಲಿನ ನೆಲ, ಒಲೆಯ ಹೊಗೆಗೆ ಕಪ್ಪಾದ ಹನುಮಂತನ ಪಟ. ಕುಸ್ತಿಯ ಮೈದಾನ, ಅಂದರೆ ಬಯಲ ಪಂದ್ಯಗಳು, ಮುಗಿದ ದಿನ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆವತ್ತು ಮಧ್ಯಾಹ್ನ ಮೈದಾನ ಇತ್ತು. ನಾವು ಬೇಕೆಂದೇ ಅತ್ತ ಹೋಗಿರಲಿಲ್ಲ, ಯಾರು ಗೆದ್ದರು ಯಾರು ಸೋತರು ಎನ್ನುವುದು ನಮಗೆ ಗೊತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಅಕ್ಕ ಒಲೆಯ ಮುಂದಿನಿಂದಲೇ ಹಿಂದೂರಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬಂದೆಪಾ ಪುಣೆಕರ. ಅಲ್ಲಿ ಕೂಳ ಹಾಕಲಿಲ್ಲೇನೋ ನಿನಗ? ಕೊಳ್ಳು ನೋಡು, ಕೋಳಿ ಕೊಳ್ಳಾಗೈತಿ!"

ಹಿಂದೂರಾವ ನನ್ನ ಕಡೆ ಕಣ್ಣು ಹೊರಳಿಸಿದ. "ನಿನ್ನ ಕೈ ಊಟ ಇಲ್ಲದ ಸೊರಗೇನಿ ಅಕ್ಕಾ."

"ಸೊರಗತಿ, ಸೊರಗತಿ. ಹೋಗೂವಾಗ ಒಂದ ಮಾತು ಹೇಳಿ ಹೋಗಾಕ ಬಾಯಿಗೆ ಹುಳಾ ಬಿದ್ದಿತ್ತೇನು? ಕುಂದ್ರು. ನಳ್ಳಿ ತಗದಿಟ್ಟೇನಿ, ತಿಂದ ಸಾಯಿ."

ಇದೇ ಆ ಬೈಗುಳ. ಕೇಳಿ ಅವನ ಮುಖ ಅರಳಿತು. ಗೋಡೆಯ ಪಕ್ಕದ ಬೆಂಚಿನಲ್ಲಿ ಅವನನ್ನು ಕೂರಿಸಿ, ಎದುರಿಗೆ ಬಾಗಿಲಿಗೆ ಬೆನ್ನು ಮಾಡಿ ನಾನು ಕೂತೆ. ಬಡಿಸುವ ಗಣಪಾ ಹಬೆಯಾಡುವ ಭಾಕರಿ, ಒಣ ಮಟನ್, ಬಿಳಿ ರಸ್ಸಾ ಇಟ್ಟು ಹೋದ. ಕೆಂಪು ರಸ್ಸಾದ ಬಕೀಟು ಹಿಡಿದು ಮತ್ತೆ ಮತ್ತೆ ಬಂದ. ಹಿಂದೂರಾವ ಬಟ್ಟಲೆತ್ತಿ ಕುಡಿದು, ಮೂಗಿನಲ್ಲಿ ನೀರಿಳಿಸಿಕೊಂಡು, ಕಣ್ಣು ಮುಚ್ಚಿ ಕೂತ. ತಲೆ ಬಗ್ಗಿಸಲಾಗದ್ದಕ್ಕೆ ತಟ್ಟೆಯನ್ನೇ ಎದೆಯ ಮಟ್ಟಕ್ಕೆ ಎತ್ತಿಕೊಂಡು ತಿಂದ. ನಳ್ಳಿಯ ಎಲುಬನ್ನು ತಟ್ಟೆಗೆ ಕುಟ್ಟಿ ಒಳಗಿನದನ್ನು ಹೀರಿದಾಗ ಅವನ ಕಣ್ಣಲ್ಲಿ ಬಂದ ನೀರು ಖಾರದ್ದಲ್ಲ. ನನಗೂ ಖುಷಿಯಾಯಿತು. ಖುಷಿಯಾಗಿಯೇ ಎಮ್ಮೆಯ ಕಥೆ ತೆಗೆದೆ.

ನನ್ನ ಮಾವ ಒಂದು ಮುರ್ರಾ ತಳಿಯ ಎಮ್ಮೆ ತಂದಿದ್ದ. ಅದಕ್ಕೆ ಪ್ರದರ್ಶನದಲ್ಲಿ ಬಹುಮಾನ ಹೊಡೆಸಬೇಕೆಂದು ಬಾದಾಮಿ ತಿನ್ನಿಸುತ್ತಿದ್ದ, ಮೈಗೆ ಎಣ್ಣೆ ತಿಕ್ಕುತ್ತಿದ್ದ. ಬೀಗರೆಲ್ಲ ಬಂದ ದಿನ ಅದನ್ನು ಅಂಗಳಕ್ಕೆ ತಂದು, ಆನೆ ಬಂದು ನೂಕಿದರೂ ಇದು ಅಲುಗುವುದಿಲ್ಲ ಎಂದು ಅದರ ಬೆನ್ನು ಚಪ್ಪರಿಸಿದ. ಎಮ್ಮೆ ತಾನೇ ಹಾಕಿದ ಸಗಣಿಯ ಮೇಲೆ ಕಾಲಿಟ್ಟಿತು. ಕಥೆ ಇಲ್ಲಿಗೆ ಬಂದಾಗ ನನ್ನ ಬೆನ್ನ ಹಿಂದೆ ಬಾಗಿಲಲ್ಲಿ ಯಾರೋ ಬಂದ ಸದ್ದಾಯಿತು, ನಾನು ತಿರುಗಿ ನೋಡಲಿಲ್ಲ. ನೋಡುವಂಥ ರಾಜ ಯಾರು ಬರಬೇಕಿತ್ತು?

"ಅಷ್ಟ ಮಂದಿ ಮುಂದ ಲೇ!" ಎಂದು ನಾನು ಕೈ ಚಾಚಿ ಹೇಳಿದೆ. "ಮೈಗೆ ಎಣ್ಣಿ ತಿಕ್ಕಿದ್ದೇನು, ಬಾದಾಮಿ ತಿನಿಸಿದ್ದೇನು! ನಾಕೂ ಕಾಲ ಮ್ಯಾಲ ಮಾಡಿ ಅಂಗಾತ ಚಿತ್! ಯಾರೂ ಮುಟ್ಟಿಲ್ಲ, ತನ್ನಷ್ಟಕ್ಕ ತಾನ ಚಿತ್! ಬಿದ್ದದ್ದು ಏಳಾಕೂ ಆಗವಲ್ದು!"

ಹಿಂದೂರಾವ ನಕ್ಕ. ಆರು ತಿಂಗಳ ನಗು ಒಮ್ಮೆಲೇ ಬಂದಿತು. ತಲೆ ಹಿಂದಕ್ಕೆ ಒಗೆದು ನಗುವ ಹಾಗಿಲ್ಲವಲ್ಲ, ಆ ನಗು ಹೋಗಲು ಬೇರೆ ದಾರಿ ಹುಡುಕಿತು. ಬಲಗೈ ಎತ್ತಿ ತನ್ನ ತೊಡೆಗೆ ಬಾರಿಸಿದ.

ನಾವು ನೀವು ತೊಡೆ ತಟ್ಟುವುದು ಬೇರೆ, ಪೈಲ್ವಾನ ತಟ್ಟುವುದು ಬೇರೆ. ಅಂಗೈಯನ್ನು ಬಟ್ಟಲು ಮಾಡಿ ಹೊಡೆಯುವುದು ಚಿಕ್ಕಂದಿನಿಂದ ಕೈಗೆ ಹತ್ತಿದ ಅಭ್ಯಾಸ. ಅಖಾಡಕ್ಕಿಳಿದು ಎದುರಾಳಿಯನ್ನು ಕರೆಯುವ ಸದ್ದು ಅದು. ಖಾನಾವಳಿಯಲ್ಲಿ ಪಟಾಕಿ ಸಿಡಿದಂತಾಯಿತು. ಭಾಕರಿ ಮುರಿಯುತ್ತಿದ್ದ ಕೈಗಳೆಲ್ಲ ನಿಂತವು.

ನಾನು ತಿರುಗಿದೆ. ಬಾಗಿಲಲ್ಲಿ ಅಪ್ಪಾಸೋ ನಿಂತಿದ್ದ, ಜೊತೆಗೆ ಅವನ ತಾಲೀಮಿನ ಇಬ್ಬರು ಗೆಳೆಯರು. ಅಪ್ಪಾಸೋ ಬೇರೆ ತಾಲೀಮಿನ ಪೈಲ್ವಾನ, ನಮಗಿಂತ ಚಿಕ್ಕವನು, ಬಾಗಿಲು ತುಂಬುವಂಥ ಆಳು. ಕಿವಿಯ ಹಿಂದೆ ಇನ್ನೂ ಕೆಂಪು ಮಣ್ಣಿತ್ತು. ಮಧ್ಯಾಹ್ನ ಊರೆಲ್ಲ ನೋಡುತ್ತಿರುವಾಗ ಹೊರಗಿನಿಂದ ಬಂದ ಒಬ್ಬ ಪೈಲ್ವಾನ ಅವನನ್ನು ಕೈ ಕೊಟ್ಟ ಕೂಡಲೇ ಎತ್ತಿ ಚಿತ್ ಮಾಡಿದ್ದನಂತೆ. ಸಿಳ್ಳೆ ಹಾಕಿ, ಚಪ್ಪಲಿ ತೂರಿ ಕಳಿಸಿದ್ದರಂತೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

"ಯಾರಿಗಲೇ ತೊಡಿ ತಟ್ಟಿದಿ?" ಎಂದ ಅಪ್ಪಾಸೋ.

ಹಿಂದೂರಾವ ಅವನತ್ತ ತಲೆ ತಿರುಗಿಸಲಿಲ್ಲ. ತಿರುಗಿಸಲು ಆಗುತ್ತಿರಲಿಲ್ಲ. ಬೆಂಚಿನ ಮೇಲೆ ಇಡೀ ಮೈಯನ್ನೇ ನಿಧಾನಕ್ಕೆ ಹೊರಳಿಸಿದ. ನೋಡಿದವರಿಗೆ ಅದೆಂಥ ಸೊಕ್ಕಾಗಿ ಕಂಡಿತೋ ನಾನು ಬಲ್ಲೆ, ಕಂಬದಂತೆ ಸೆಟೆದ ಕೊರಳು, ಅರ್ಧ ಮುಚ್ಚಿದ ಕಣ್ಣು.

"ನಿನಗಲ್ಲೋ ಅಪ್ಪಾಸೋ, ಬಾ, ಊಟಾ ಮಾಡು," ಎಂದ ಹಿಂದೂರಾವ.

"ಅಂಗಾತ ಚಿತ್ ಅಂದವ ಯಾರು? ಬಾದಾಮಿ ತಿಂದು ಬಿದ್ದ ಅಂದವ ಯಾರು?"

ನಾನು ಎದ್ದೆ. "ನಾ ಅಂದೆ. ನಾ ಹೇಳಿದ್ದು ಎಮ್ಮಿ ಸುದ್ದಿಪಾ. ನಮ್ಮ ಮಾವನ ಎಮ್ಮಿ."

ಅವನ ಮುಖ ಕಪ್ಪಿಟ್ಟಿತು. "ನನಗ ಎಮ್ಮಿ ಅಂತೀಯೇನಲೇ?"

ಯಾರೋ ಕಿಸಕ್ಕನೆ ನಕ್ಕರು. ಆ ನಗುವನ್ನು ಹುಡುಕಿ ಅದಕ್ಕೆ ಮೊದಲು ಹೊಡೆಯಬೇಕಿತ್ತು ನಾನು.

ಬೇರೆ ಊರಿನಲ್ಲಾದರೆ ನಾಲ್ಕು ಜನ ಎದ್ದು, ಬಿಡಪ್ಪಾ ಹೋಗಲಿ ಎಂದು ಬಿಡಿಸುತ್ತಾರೆ. ನಮ್ಮಲ್ಲಿ ಮೇಜು ಸರಿಸುತ್ತಾರೆ. ತಟ್ಟೆಗಳನ್ನು ಎತ್ತಿ ಕಿಟಕಿಯಲ್ಲಿಟ್ಟರು, ಬೆಂಚುಗಳನ್ನು ಗೋಡೆಗೆ ಒತ್ತಿದರು, ನಡುವೆ ಕಲ್ಲಿನ ನೆಲ ಅಖಾಡದಂತೆ ತೆರೆದುಕೊಂಡಿತು. ಮೂಲೆಯಲ್ಲಿದ್ದ ರಂಗರಾವ್ ವಸ್ತಾದ ಬಾಯಿ ಒರೆಸಿಕೊಂಡು ನಡುವೆ ಬಂದು ನಿಂತರು. ಬಿಳಿ ಮೀಸೆ, ಕುಸ್ತಿಯಲ್ಲಿ ಜಜ್ಜಿ ಮುದ್ದೆಯಾದ ಕಿವಿಗಳು, ಊರಿನ ಪೈಲ್ವಾನರಿಗೆಲ್ಲ ಗುರು. ಅವರಾದರೂ ಬುದ್ಧಿ ಹೇಳುತ್ತಾರೆಂದುಕೊಂಡೆ.

"ತೊಡಿ ತಟ್ಟಿದ ಮ್ಯಾಲ ಕೈ ಕೊಟ್ಟು ಕುಸ್ತಿ ಹಿಡೀಬೇಕು," ಎಂದರು ವಸ್ತಾದ. "ಇಲ್ಲಾಂದ್ರ ಕಾಲು ಮುಟ್ಟಿ ಹೋಗಬೇಕು. ಮೂರನೇದ್ದು ಇಲ್ಲ."

"ವಸ್ತಾದ, ಅವನ ಕುತ್ತಿಗಿ ಎಲುಬು ಸೀಳೈತ್ರಿ!" ಎಂದು ನಾನು ಕೂಗಿದೆ. ಆಣೆ ಗೀಣೆ ಎಲ್ಲ ಮರೆತೆ. "ಮಿರಜದಾಗ ತೋರಿಸೇವಿ. ಮುಟ್ಟಿದ್ರ ಸಾಯ್ತಾನ."

"ಪುಣೆದಾಗ ತಯಾರಿ ಮಾಡಾಂವಗ ಮಿರಜದಾಗ ಎಲುಬು ಸೀಳತೇನು?" ಎಂದ ಅಪ್ಪಾಸೋ. ಎಲ್ಲರೂ ಹೋ ಎಂದರು.

ವಸ್ತಾದ ಹಿಂದೂರಾವನನ್ನು ನೋಡಿದರು. "ಖರೇನೋ?"

ಎಲ್ಲರೂ ಅವನ ಬಾಯಿ ನೋಡಿದರು. ಒಂದು 'ಹೌದು' ಅಂದಿದ್ದರೆ ಮುಗಿಯುತ್ತಿತ್ತು. ಆ ಮುಖದಲ್ಲಿ ಏನು ನಡೆಯಿತು ಎಂಬುದನ್ನು ನಾನು ಎದುರಿಗೇ ನಿಂತು ನೋಡಿದೆ. ಕಬ್ಬಿನ ಟ್ರಾಲಿ ಅವನ ಗಂಟಲಲ್ಲಿ ಅಡ್ಡ ನಿಂತಿತು.

"ಏನೂ ಆಗಿಲ್ರಿ," ಎಂದ. "ಇವಗ ನನ್ನ ಮ್ಯಾಲ ಜೀವ, ಅದಕ್ಕ ಬಡಬಡಸ್ತಾನ."

"ಹಿಂದ್ಯಾ, ಕಾಲು ಮುಟ್ಟಲೇ! ಮುಟ್ಟಿದ್ರ ಏನು ಗಂಟು ಹೋಗತೈತಿ?"

"ನಾ ಮುಟ್ಟೂದಿಲ್ಲ."

ಹಾಗಾದರೆ ನಾನೇ ಮುಟ್ಟಿದೆ. ನನಗೆಂಥ ಮಾನ, ಹಿಂಡಿ ಮಾರುವವನಿಗೆ? ಆ ಖಾನಾವಳಿಯ ನಡುವೆ ಮಂಡಿಯೂರಿ ಅಪ್ಪಾಸೋನ ಎರಡೂ ಪಾದ ಹಿಡಿದು ಹಣೆ ಹಚ್ಚಿದೆ. "ತಮ್ಮಾ, ತಪ್ಪಾತು. ಬಿಟ್ಟ ಬಿಡು."

"ತೊಡಿ ತಟ್ಟಿದಾಂವ ಮುಟ್ಟಲಿ. ನೀ ಯಾವ ನಾಯಿ?" ಎಂದು ಆ ಪಾದವನ್ನೇ ಎತ್ತಿ ನನ್ನ ಬಾಯಿಗೆ ಒದ್ದ.

ಹಲ್ಲು ಮುರಿದದ್ದು ಕಿವಿಯೊಳಗೆ ಕೇಳಿಸಿತು. ಬಾಯಿ ತುಂಬ ರಕ್ತ. ನೆಲಕ್ಕೆ ಕೈಯೂರಿ ಉಗುಳಿದೆ, ಹಲ್ಲು ರಕ್ತದ ಜೊತೆ ಬಿತ್ತು. ಆಮೇಲೆ ನನಗೆ ಏನೂ ಕಾಣಲಿಲ್ಲ, ಸಿಟ್ಟೊಂದೇ. ಕೈಗೆ ಸಿಕ್ಕ ಹಿತ್ತಾಳೆಯ ತಂಬಿಗೆ ಎತ್ತಿ, ಎದ್ದವನೇ ಅವನ ಹುಬ್ಬಿಗೆ ಬೀಸಿದೆ. ಚರ್ಮ ಹರಿದು ಬಿಳಿ ಎಲುಬು ಕಂಡಿತು, ಮರುಗಳಿಗೆ ಅದೂ ರಕ್ತದಲ್ಲಿ ಮುಳುಗಿತು.

ಜನ ರೇಗಿತು. ಮಂಡಿಯೂರಿದವನ ಬಾಯಿಗೆ ಒದ್ದಾಗ ಸುಮ್ಮನಿದ್ದ ಆ ಧರ್ಮರಾಯರು ಈಗ ಎದ್ದು ನಿಂತರು. "ಏ, ಹತ್ಯಾರ ಹಿಡಿಯೂ ಹಂಗಿಲ್ಲ! ತಂಬಿಗಿ ಕಸಗೊಳ್ರಿ!" ಎಂದು ಯಾರೋ ಹಿಂದಿನಿಂದ ನನ್ನ ಕೈ ತಿರುಚಿ ತಂಬಿಗೆ ಕಿತ್ತರು. ಅಷ್ಟು ಸಾಕಾಯಿತು ಅಪ್ಪಾಸೋನಿಗೆ. ನನ್ನ ಕೂದಲು ಹಿಡಿದು ಮುಖವನ್ನು ಮೇಜಿಗೆ ಬಡಿದ. ಅಲ್ಲಿ ಉಳಿದಿದ್ದ ಕೆಂಪು ರಸ್ಸಾದ ಬಟ್ಟಲು ನನ್ನ ಮುಖದ ಕೆಳಗೇ ಉರುಳಿತು, ಖಾರ ಕಣ್ಣಿಗೆ ಹೊಕ್ಕಿತು. ಮತ್ತೆ ಬಡಿದ. ಬಲಗೈಯನ್ನು ಬೆನ್ನ ಹಿಂದೆ ಮಡಚಿ ಮೇಲಕ್ಕೆ ಒತ್ತಿದ. ಮೊಳಕೈ ಒಣಕಬ್ಬಿನಂತೆ ಲಟ್ಟೆಂದಿತು. ನಾನು ಹಂದಿಯಂತೆ ಕಿರುಚಿದೆ, ಸುಳ್ಳೇಕೆ ಹೇಳಲಿ.

ಆ ಕಿರುಚಾಟದ ನಡುವೆಯೂ ಹಿಂದೂರಾವನ ಕಾಲಿನ ಸದ್ದು ನನಗೆ ಗುರುತು ಸಿಕ್ಕಿತು.

"ಬರಬ್ಯಾಡ!" ಎಂದು ಕೂಗಿದೆ. "ಹಿಂದ್ಯಾ, ನನ್ನ ಆಣಿ, ಬರಬ್ಯಾಡ!"

"ಬಿಡಲೇ ಅವನ್ನ," ಎಂದ ಹಿಂದೂರಾವ, ಶಾಂತವಾಗಿ.

ಅಪ್ಪಾಸೋ ನನ್ನನ್ನು ಬಿಟ್ಟು ಅವನತ್ತ ಹೋದ. ನಾನು ಮೇಜಿನಿಂದ ಜಾರಿ ಬಿದ್ದು, ಉರಿಯುವ ಕಣ್ಣನ್ನು ತೋಳಿಗೆ ಒರೆಸಿಕೊಂಡು ನೋಡಿದೆ. ಹಿಂದೂರಾವ ಕೈ ಕೊಟ್ಟ. ಹೌದು, ನಿಯಮದಂತೆ ಮೊದಲು ಕೈ ಮುಟ್ಟಿಸಿದ. ಅಪ್ಪಾಸೋ ನುಗ್ಗಿದ ರಭಸವನ್ನೇ ತೆಗೆದುಕೊಂಡು, ಅವನ ತೋಳಿನ ಕೆಳಗೆ ಹೊಕ್ಕು, ಸೊಂಟದ ಮೇಲೆ ಎತ್ತಿ, ಅಗಸ ಬಟ್ಟೆ ಒಗೆದ ಹಾಗೆ ಕಲ್ಲಿನ ನೆಲಕ್ಕೆ ಒಗೆದ. ಎರಡೂ ಭುಜ ನೆಲಕ್ಕೆ ಹತ್ತಿದವು. ಖಾನಾವಳಿ ಅಬ್ಬರಿಸಿತು. ಅಷ್ಟು ಚೆಂದದ ಪಟ್ಟು ನಾನು ಜನ್ಮದಲ್ಲಿ ನೋಡಿರಲಿಲ್ಲ, ನೋಡಿದ್ದಕ್ಕೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

"ಮುಗೀತು!" ಎಂದು ವಸ್ತಾದ ಹಿಂದೂರಾವನ ಕೈ ಹಿಡಿದು ಮೇಲೆತ್ತಿದರು.

ಹಿಂದೂರಾವನ ಮುಖ ಸುಣ್ಣದಂತಾಗಿತ್ತು. ಇನ್ನೊಂದು ಕೈಯಿಂದ ಕುತ್ತಿಗೆಯ ಹಿಂಭಾಗ ಒತ್ತಿ ಹಿಡಿದಿದ್ದ. ಬೆವರು ಇಳಿಯುತ್ತಿತ್ತು, ಆದರೂ ನಿಂತಿದ್ದ. ನಾನು ಒಂದು ಕೈಯಲ್ಲಿ ತೆವಳುತ್ತ ಅವನತ್ತ ಹೊರಟೆ. ಕೂರಿಸಿದರೆ ಸಾಕು, ಗೋಡೆಗೆ ಆನಿಸಿ ಕೂರಿಸಿದರೆ ಸಾಕು ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಒಂದೇ ದಿನ ಎರಡು ಸಲ ಚಿತ್ ಆದವನಿಗೆ ನಿಯಮ ಎಲ್ಲಿ ಕಾಣಬೇಕು? ಅಪ್ಪಾಸೋ ಎದ್ದ. ಹಿಂದಿನಿಂದ ಬಂದು ಹಿಂದೂರಾವನ ಗದ್ದದ ಕೆಳಗೆ ತೋಳು ತೂರಿಸಿ ಒಂದೇ ಒಂದು ಸಲ ಎಳೆದ.

ಸದ್ದೇನೂ ಆಗಲಿಲ್ಲ. ಹಿಂದೂರಾವನ ಕಾಲು ಮೊದಲು ಸೋತವು. ವಸ್ತಾದರ ಕೈಯಲ್ಲಿದ್ದ ಅವನ ಕೈ ಜಾರಿ ಬಿತ್ತು. ಇಡೀ ಮೈ ಅಪ್ಪಾಸೋನ ತೋಳಿಗೆ ಜೋತು ಬಿತ್ತು.

ಅಪ್ಪಾಸೋ ನಿಂತಲ್ಲೇ ಕಲ್ಲಾದ. ದಿನಾ ಕುತ್ತಿಗೆ ಹಿಡಿದು ಬೆಳೆದ ಕೈ ಅವು. ಒಳಗೆ ಏನಾಯಿತೆಂದು ಆ ಕೈಗಳಿಗೆ ನಮಗಿಂತ ಮೊದಲು ಗೊತ್ತಾಯಿತು. ತೋಳು ಬಿಡಲಿಲ್ಲ. ತಲೆಯನ್ನು ತನ್ನ ಎರಡೂ ಮುಂಗೈಗಳ ನಡುವೆ ನೆಟ್ಟಗೆ ಹಿಡಿದು, ಒಂದೊಂದೇ ಮಂಡಿಯೂರಿ, ಹಿಂದೂರಾವನನ್ನು ನೆಲಕ್ಕಿಳಿಸಿದ.

"ಯಾರೂ ಮುಟ್ಟಬ್ಯಾಡ್ರಿ!" ಎಂದು ಕೂಗಿದ. ದನಿ ಸೀಳಿ ಹೋಗಿತ್ತು. "ಖರೇನ ಐತಿ! ಇವನ ಕುತ್ತಿಗಿ ಖರೇನ ಸೀಳೈತಿ! ಯಾರೂ ಮುಟ್ಟಬ್ಯಾಡ್ರಿ!"

ನನಗೆ ಆ ಮಾತು ತಲುಪಲಿಲ್ಲ. ನನಗೆ ಕಂಡದ್ದು, ನನ್ನ ಗೆಳೆಯನ ಕುತ್ತಿಗೆ ಇನ್ನೂ ಅವನ ಕೈಯಲ್ಲಿತ್ತು ಎನ್ನುವುದು. ರಸ್ಸಾದ ಬಕೀಟಿನೊಳಗಿನ ಕಬ್ಬಿಣದ ಸೌಟು ಎಡಗೈಗೆ ಸಿಕ್ಕಿತು. ಅವನ ಕಿವಿಗೆ ಹೊಡೆದೆ. ಬೆನ್ನಿಗೆ ಹೊಡೆದೆ. ಅದೇ ಹರಿದ ಹುಬ್ಬಿಗೆ ಹೊಡೆದೆ. ಅವನು ಒಂದು ಕೈಯನ್ನಾದರೂ ಎತ್ತಿ ಅಡ್ಡ ಹಿಡಿಯುತ್ತಾನೆಂದು ಕಾದೆ. ಹಿಡಿಯಲಿಲ್ಲ. ಪ್ರತಿ ಏಟಿಗೂ ಅವನ ತಲೆ ವಾಲಿತು, ಕೈ ಮಾತ್ರ ಕದಲಲಿಲ್ಲ.

"ಹೊಡಿ," ಎಂದ. "ಹೊಡಿ, ಆದ್ರ ನೂಕಬ್ಯಾಡೋ ಅಣ್ಣಾ. ನನ್ನ ನೂಕಿದ್ರ ಇವ ಹೋದ."

ಅನಸೂಯಕ್ಕ ಒಲೆಯ ಕಡೆಯಿಂದ ಬಂದು ನನ್ನ ಕೈಯಿಂದ ಸೌಟು ಕಿತ್ತು, ಮುರಿದ ಬಾಯಿಯ ಮೇಲೇ ರಪ್ಪನೆ ಹೊಡೆದಳು. "ಕಣ್ಣ ತಗದ ನೋಡೋ ಕತ್ತೀ!"

ನೋಡಿದೆ. ಹಿಂದೂರಾವನ ಕಣ್ಣು ತೆರೆದಿತ್ತು. ಉಸಿರು ಸಣ್ಣಗೆ ಬರುತ್ತಿತ್ತು.

"ಸರ್ಜ್ಯಾ," ಎಂದ. "ನನ್ನ ಕೈ ಎಲ್ಲದಾವೋ?"

"ಇಲ್ಲೇ ಅದಾವಲ್ಲೋ. ಎದಿ ಮ್ಯಾಲ."

"ಹೌದೇನು?" ಎಂದ. "ಯಾರರ ಹಿಡಕೋರಿ ಹಂಗಾರ."

ನಾನು ಹಿಡಿದೆ. ಬೆಚ್ಚಗಿದ್ದವು, ಅಂಗೈಯಲ್ಲಿ ಮಟನ್ನಿನ ವಾಸನೆ.

ಮೇಜು ಸರಿಸಿದ ಜನವೇ ಈಗ ಅಡುಗೆಮನೆಯ ಬಾಗಿಲನ್ನು ಕೀಲಿನಿಂದ ಕಿತ್ತು ತಂದರು. ವಸ್ತಾದ ಎತ್ತುವುದನ್ನು ಹೇಳಿಕೊಟ್ಟರು. ಓಣಿಯಲ್ಲಿ ನಿಂತಿದ್ದ ತರಕಾರಿಯ ಟೆಂಪೋದಲ್ಲಿ ಬಾಗಿಲ ಸಮೇತ ಅವನನ್ನು ಇಟ್ಟೆವು. ಅಪ್ಪಾಸೋ ತಲೆಯ ಕಡೆ ಮಂಡಿಯೂರಿ, ಎರಡೂ ಕಿವಿಗಳ ಮೇಲೆ ಅಂಗೈ ಇಟ್ಟು, ಮೊಳಕೈಗಳನ್ನು ಹಲಗೆಗೆ ಊರಿ ಬಗ್ಗಿದ್ದ. ನಾನು ಮುರಿದ ಕೈಯನ್ನು ಹೊಟ್ಟೆಗೆ ಅವುಚಿಕೊಂಡು ಕಾಲಿನ ಕಡೆ ಕೂತೆ.

"ಇವ ಸತ್ರ ಇವತ್ತ ನಿನ್ನ ಕೊಲ್ತೀನಿ," ಎಂದೆ.

"ಕೊಲ್ಲು. ಈಗ ಕಾಲ ಗಟ್ಟಿ ಹಿಡಿ, ಮುಂದ ತಗ್ಗೈತಿ. ಏ ಡ್ರೈವರ್, ನಿಧಾನ ಹೊಡೀ ಮಗನ!"

ಅವನ ಹುಬ್ಬಿನಿಂದ ರಕ್ತ ಇಳಿದು ಎರಡೂ ಕಣ್ಣಿಗೆ ತುಂಬುತ್ತಿತ್ತು. ರೆಪ್ಪೆ ಬಡಿದು ಬಡಿದು ನೋಡುತ್ತಿದ್ದ. ಹನಿ ಹನಿಯಾಗಿ ಹಿಂದೂರಾವನ ಹಣೆಯ ಮೇಲೂ ತುಟಿಯ ಮೇಲೂ ಬೀಳುತ್ತಿತ್ತು. ಟೆಂಪೋ ತಗ್ಗಿನಲ್ಲಿ ಇಳಿದಾಗ ಅಪ್ಪಾಸೋ ಮೈಯನ್ನೆಲ್ಲ ಬಿಗಿದು ಆ ತಲೆಯನ್ನು ಅಲುಗದ ಹಾಗೆ ಹಿಡಿದ, ಅವನ ಮೊಳಕೈಯ ಚರ್ಮ ಹಲಗೆಗೆ ಉಜ್ಜಿ ಕಿತ್ತು ಬಂತು.

"ಅಣ್ಣಾ, ನನಗ ಕಾಣವಲ್ದು," ಎಂದ. "ಕಣ್ಣ ಒರಸು. ತಲಿ ಹೊಳ್ಳಿದ್ರ ತಿಳಿಯೂದಿಲ್ಲ."

ನಾನು ಎದ್ದು ಹೋಗಿ, ಅಂಗಿಯ ಚುಂಗನ್ನು ಎಡಗೈಯಲ್ಲಿ ಹಿಡಿದು, ನಾನೇ ಒಡೆದ ಆ ಮುಖ ಒರೆಸಿದೆ. ಮತ್ತೆ ತುಂಬಿತು, ಮತ್ತೆ ಒರೆಸಿದೆ. ಆಸ್ಪತ್ರೆ ಬರುವ ತನಕ ಒರೆಸಿದೆ. ಇದನ್ನು ಕೇಳಿದವರು ನಾನು ಅವನನ್ನು ಕ್ಷಮಿಸಿದೆ ಅಂದುಕೊಳ್ಳಬೇಡಿ. ಹಿಂದೂರಾವನ ತಲೆ ಹಿಡಿದ ಆ ಎರಡು ಕೈ ಬೇರೆ ಯಾರದಾದರೂ ಆಗಿದ್ದರೆ ಅಲ್ಲಿಯೇ ಅಪ್ಪಾಸೋನ ಗಂಟಲು ಕಚ್ಚುತ್ತಿದ್ದೆ.

ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಓಡಿ ಬಂದು ಹಿಂದೂರಾವನ ಕೊರಳಿಗೆ ಗಟ್ಟಿ ಪಟ್ಟಿ ಹಾಕಿದರು, ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟರು. "ಇನ್ನ ಬಿಡ್ರಿ," ಎಂದರು ಅಪ್ಪಾಸೋನಿಗೆ. ಅವನು ಬಿಡಲಿಲ್ಲ. ಬಿಡಲು ಆಗುತ್ತಿರಲಿಲ್ಲ, ಬೆರಳು ಸೆಟೆದು ನಿಂತಿದ್ದವು. ಅವರು ಒಂದೊಂದೇ ಬೆರಳು ಬಿಡಿಸಿದರು. ಅಪ್ಪಾಸೋ ಗೋಡೆಗೆ ಒರಗಿ ನಿಂತ, ಕೈ ಇನ್ನೂ ಮುಂದಕ್ಕೆ ಚಾಚಿಕೊಂಡೇ ಇದ್ದವು, ನಡುವೆ ತಲೆ ಇರಲಿಲ್ಲ.

"ಉಳೀತಾನೇನ್ರಿ?" ಎಂದು ಕೇಳಿದೆ.

"ಉಸಿರಾಟ ಐತಿ. ಹಿಡಕೊಂಡು ಬಂದದ್ದಕ್ಕ ಐತಿ," ಎಂದರು. ಆಮೇಲೆ ಹಿಂದೂರಾವನ ಕಾಲಿನ ಕಡೆ ಹೋಗಿ ಪಾದದ ಮೇಲಿನ ಬಟ್ಟೆ ಸರಿಸಿದರು. ತಟ್ಟೆಯಿಂದ ಸೂಜಿ ತೆಗೆದುಕೊಂಡರು. "ಪೈಲ್ವಾನ್ರ, ಪಾದಕ್ಕ ಸೂಜಿ ಚುಚ್ಚತೀನಿ. ತಿಳಿದ ಕೂಡಲೇ ಹೇಳ್ರಿ."

"ಹೂಂ," ಎಂದ ಹಿಂದೂರಾವ, ಸೂರು ನೋಡುತ್ತ.

ನಾನೂ ಅಪ್ಪಾಸೋನೂ ಆ ಪಾದವನ್ನೇ ನೋಡುತ್ತಿದ್ದೆವು. ಅಂಗಾಲಿನಲ್ಲಿ ಒಂದು ಕೆಂಪು ಹನಿ ಮೂಡಿತು. ಡಾಕ್ಟರಮ್ಮ ಸೂಜಿಯನ್ನು ಮೇಲಕ್ಕೆ ತಂದು ಮೀನಖಂಡಕ್ಕೆ ಚುಚ್ಚಿದರು, ಆಮೇಲೆ ಮೊಣಕಾಲಿನ ಮೇಲೆ, ಆಮೇಲೆ ಅವನು ಸಂಜೆ ತಟ್ಟಿದ್ದ ತೊಡೆಗೆ. ಅಲ್ಲೆಲ್ಲ ಒಂದೊಂದು ಹನಿ ನಿಂತಿತು.

ಹಿಂದೂರಾವ ಸ್ವಲ್ಪ ಹೊತ್ತು ಕಾದ. ಆಮೇಲೆ ತುಟಿಯ ಮೇಲಿನ ಅಪ್ಪಾಸೋನ ರಕ್ತವನ್ನು ನಾಲಿಗೆಯಿಂದ ಸರಿಸಿಕೊಂಡು, ಡಾಕ್ಟರಮ್ಮನಿಗೆ ಧೈರ್ಯ ಹೇಳುವವನ ಹಾಗೆ ಹೇಳಿದ:

"ಚುಚ್ಚರಿ ಅಕ್ಕಾರ, ಅಂಜಬ್ಯಾಡ್ರಿ. ನಾ ಪೈಲ್ವಾನ ಅದೇನಿ, ತಡಕೋತೀನಿ."